ಗೋಡೆಗಿಂತ ಮೊದಲು ನಿಂತ ಬಾಗಿಲು

ಕೊಟ್ಟೂರಿನಲ್ಲಿ ನಮ್ಮ ಎದುರು ಮನೆ ಕಟ್ಟಿಸುತ್ತಿದ್ದಾಕೆಯನ್ನು ನೆನೆದರೆ ಕಿವಿಗೆ ಬೀಳುವುದು ಒಂದೇ ಮಾತು: “ಬಾಗ್ಲಾಗಿಂದ ಬರ್ರಿ.”

ಒಳ್ಳೆಯ ದಿನ ನೋಡಿ, ಪೂಜೆ ಮಾಡಿ, ಬಾಗಿಲ ಚೌಕಟ್ಟು ನಿಲ್ಲಿಸಿದ್ದರು. ಗೋಡೆ ಮೊಣಕಾಲೆತ್ತರ ಏರುವಷ್ಟರಲ್ಲಿ ಹೊಳೆಯ ಉಸುಕು ಬರುವುದು ನಿಂತಿತು. ಗೋಡೆ ಕಟ್ಟುವ ಗೌಂಡಿಗಳು ಬೇರೆ ಊರಿನ ಕೆಲಸಕ್ಕೆ ಹೋದರು. ಆಕೆಯ ಸಂಸಾರ ಹಿಂದಿನ ತಗಡಿನ ಶೆಡ್ಡಿನಲ್ಲೇ ಉಳಿಯಿತು. ಆದರೂ ಒಂಟಿಯಾಗಿ ನಿಂತ ಆ ಬಾಗಿಲಿಗೆ ದಿನಾ ಅರಿಸಿನ ಕುಂಕುಮ, ಮುಂದೆ ರಂಗೋಲಿ. ಗೋಡೆ ದಾಟಿ ಬಂದವರು ಹಾಲಿನವನಾಗಲಿ, ನಾನಾಗಲಿ, ತಿರುಗಿ ಹೋಗಿ ಬಾಗಿಲಿನಿಂದಲೇ ಬರಬೇಕು. ನನಗೆ ಸಿಟ್ಟೇ ಬರುತ್ತಿತ್ತು.

ಮಳೆಗಾಲ ಕಳೆದ ಮೇಲೆ ಕೊನೆಗೂ ಉಸುಕಿನ ಟ್ರ್ಯಾಕ್ಟರ್ ಬಂತು. ಎಲ್ಲಿ ಸುರಿಯಬೇಕೆಂದು ಕೇಳಲು ಡ್ರೈವರ್ ಗೋಡೆ ಜಿಗಿದು ಬಂದ. ಆಕೆ ಅವನನ್ನೂ ಬಿಡಲಿಲ್ಲ.

“ಹೊರಗ ಹೋಗಪ್ಪ, ಬಾಗ್ಲಾಗಿಂದ ಬಾ.”

ಸಿಟ್ಟಾಗಿ ಉಸುಕಿನ ಸಮೇತ ಹೊರಟುಬಿಟ್ಟಾನೆಂದು ನಾನು ಹೆದರಿದೆ. ಅವನು ಚೌಕಟ್ಟನ್ನೊಮ್ಮೆ ನೋಡಿದ. ಹೊರಗೆ ಹೋಗಿ, ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಒಳಗೆ ಬಂದ.

ಸ್ಲ್ಯಾಬ್ ಹಾಕಿದ ಮೇಲೆ ಒಮ್ಮೆ ಹೋದೆ. ರೂಢಿಯಂತೆ ಬಾಗಿಲ ಮುಂದೆ ನಿಂತು ಆ ಮಾತಿಗೆ ಕಾದೆ. ಆಕೆ ಒಳಗಿಂದಲೇ ನಕ್ಕರು.

“ಬರ್ರಿ, ಇನ್ನ ಬ್ಯಾರೆ ಎಲ್ಲಿಂದ ಬರ್ತೀರಿ?”