ಹಾಲಮ್ಮ ಬರೆದ ಗೋಡೆ

ಸಣ್ಣಬೀರಪ್ಪನವರ ಕೈಕೆಳಗೆ ಮಲೇರಿಯಾ ತಂಡದಲ್ಲಿ ಪಂಪು ಒತ್ತಿದವನು ನಾನು. ಶಿರಾಳಕೊಪ್ಪದವನು, ಬಾಯಿ ಜೋರು, ಸಹನೆ ಕಡಿಮೆ. ಅವರು ಸೊರಬ ತಾಲ್ಲೂಕಿನವರು, ಚಂದ್ರಗುತ್ತಿ ಗುಡ್ಡದ ಬುಡದ ಒಂದು ಹಳ್ಳಿಯವರು. ಮಿಲಿಟರಿಯಿಂದ ಬಂದ ಮೇಸ್ತ್ರಿ ಎಂದಾಗ ದೊಡ್ಡ ಮೀಸೆ, ಅದಕ್ಕೆ ತಕ್ಕ ಬೈಗುಳ ಎರಡೂ ಇರುತ್ತವೆ ಎಂದುಕೊಂಡಿದ್ದೆ. ಎರಡೂ ಇರಲಿಲ್ಲ. ಬೈಯುವ ಕೆಲಸವನ್ನೂ ನಾನೇ ಮಾಡಬೇಕಾಯಿತು.

ಬರ್ಮಾ ಯುದ್ಧದಲ್ಲಿ ಅವರು ಬಂದೂಕು ಹಿಡಿದವರಲ್ಲ, ಸ್ಟ್ರೆಚರ್ ಹಿಡಿದವರು. ಹಗಲೆಲ್ಲ ಗಾಯಾಳುಗಳನ್ನು ಹೊತ್ತು ಕಾಡು ದಾಟಿಸುವುದು. ಸಂಜೆಯಾದರೆ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ ಚಳಿಜ್ವರದ ಮಾತ್ರೆ ಕೊಟ್ಟು, ನುಂಗಿದರೋ ಇಲ್ಲವೋ ಎಂದು ಬಾಯಿ ತೆಗೆಸಿ ನೋಡುವುದು. ಅದೇ ದಿನಗಳಲ್ಲಿ ಊರಿನಲ್ಲಿ ಅವರ ಹೆಂಡತಿ ಹಾಲಮ್ಮ ಅದೇ ಚಳಿಜ್ವರದಲ್ಲಿ ತೀರಿಕೊಂಡರು. ಮದುವೆಯಾದ ಮೇಲೆ ಇಬ್ಬರೂ ಒಂದೇ ಸೂರಿನಡಿ ಇದ್ದದ್ದು ಒಂದು ಪೂರ್ತಿ ಮಳೆಗಾಲವೂ ಅಲ್ಲ.

"ಎಷ್ಟು ಜನಕ್ಕೆ ಮಾತ್ರೆ ನುಂಗಿಸಿದೆ ಮಾರಾಯ, ಒಂದೇ ಒಂದು ನಮ್ಮನೆಗೆ ಮುಟ್ಟಲಿಲ್ಲ" ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು. ನಾನು ಬೀಡಿ ಹಚ್ಚಿದೆ.

ಯುದ್ಧ ಮುಗಿಸಿ ಮನೆಗೆ ಬಂದಾಗ ಹೆಂಡತಿಯದು ಅಂತ ಅವರಿಗೆ ಸಿಕ್ಕಿದ್ದು ನಡುಮನೆಯ ಗೋಡೆಯ ಚಿತ್ತಾರ ಒಂದೇ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಎಳೆದ ಬಿಳಿ ಎಳೆಗಳು, ನಡುವೆ ಸಣ್ಣ ಸಣ್ಣ ಭತ್ತದ ತೆನೆಗಳು. ಆ ಕಡೆಯ ಹೆಂಗಸರು ಇಂಥ ಚಿತ್ತಾರವನ್ನು ಉಳಿಸಿಕೊಳ್ಳುವುದಿಲ್ಲ. ಗದ್ದೆಯ ಪೈರಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬ ಬಂತೆಂದರೆ ಹಳೆಯದರ ಮೇಲೆ ಕೆಮ್ಮಣ್ಣು ಸಾರಿಸಿ ಹೊಸದು ಬರೆಯುತ್ತಾರೆ. ಈ ಮನೆಯಲ್ಲಿ ಬರೆಯುವವರಿರಲಿಲ್ಲ. ಪಕ್ಕದ ಮನೆಯಲ್ಲೇ ಇದ್ದ ಹಾಲಮ್ಮನ ತಾಯಿ ತಿಮ್ಮಮ್ಮ ಊರಿನ ಹುಡುಗಿಯರಿಗೆಲ್ಲ ಚಿತ್ತಾರ ಕಲಿಸಿದ ಕೈಯವರು. ಅವರು ದಿನಾ ಬಂದು ನೆಲ ಗುಡಿಸಿ ಹೋಗುತ್ತಿದ್ದರು, ಗೋಡೆ ಮಾತ್ರ ಮುಟ್ಟುತ್ತಿರಲಿಲ್ಲ. ಹಾಲಮ್ಮನದೊಂದು ಫೋಟೋ ಕೂಡ ಇರಲಿಲ್ಲ. ಬರಬರುತ್ತಾ ಆಕೆಯ ಮುಖವೂ ಮಸುಕಾಗುತ್ತಿದೆ ಎಂದು ಸಣ್ಣಬೀರಪ್ಪನವರು ಹೆದರುತ್ತಿದ್ದರು.

ಆ ಮನೆಯಲ್ಲಿ ನಿಲ್ಲಲಾರದೆ ಮತ್ತೆ ಪಲ್ಟನ್ನಿಗೆ ಹೋದರು. ದೇಶ ಒಡೆದಾಗ ಉತ್ತರದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದವರಿಗೆ ಗಂಜಿ ಕುಡಿಸಿದರು, ಗುಂಡಿ ತೋಡಿದರು, ಹೆತ್ತವರು ಸಿಗದ ಕೂಸುಗಳನ್ನು ಎತ್ತಿಕೊಂಡು ತಿರುಗಿದರು. ಪೆನ್ಷನ್ ಹಿಡಿದು ಊರಿಗೆ ಬಂದವರು ಸುಮ್ಮನೆ ಕೂರಬಹುದಿತ್ತು. ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಸರ್ಕಾರ ಮನೆಮನೆಗೆ ಡಿಡಿಟಿ ಹೊಡೆಸಲು ಜನ ಬೇಕೆಂದಾಗ ಮೊದಲು ಹೋಗಿ ನಿಂತವರು ಇವರೇ. ಯಾಕೆ ಅಂತ ನಾನು ಕೇಳಲಿಲ್ಲ. ಕೇಳುವಂಥದ್ದೇನಿತ್ತು?

ಕೆಲಸ ಹೀಗೆ: ಬಕೆಟ್ಟಿನಲ್ಲಿ ಪುಡಿ ಕಲಸಿ ಪಂಪು ಇಳಿಸಿ ಒಬ್ಬ ಒತ್ತಬೇಕು, ಇನ್ನೊಬ್ಬ ಕೊಳವೆ ಹಿಡಿದು ಗೋಡೆಗೆ ಹೊಡೆಯಬೇಕು. ಒಣಗಿದ ಮೇಲೆ ಗೋಡೆಯೆಲ್ಲ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಸೊಳ್ಳೆ ಬಂದು ಆ ಗೋಡೆಯ ಮೇಲೆ ಕೂತರೆ ಸಾಯುತ್ತದೆ. ಮುಂದಿನ ಸಲ ನಾವು ಬರುವವರೆಗೆ ಸಾರಿಸಬಾರದು, ಬಳಿಯಬಾರದು.

ಐವತ್ತೊಂಬತ್ತರಲ್ಲಿ, ಭೂಮಿ ಹುಣ್ಣಿಮೆ ಹತ್ತಿರವಿರುವಾಗ, ಅವರ ಊರಿಗೇ ಹೊಡೆಯಲು ಹೋದೆವು. ಬಿಡಾರ ಅವರ ಮನೆಯ ಜಗಲಿಯಲ್ಲಿ. ಊರೆಲ್ಲ ಮುಗಿಸಿ, ಎರಡು ದಿನ ಬಿಟ್ಟು ನೋಡಲು ಹೋದರೆ ಮನೆಮನೆಯ ಗೋಡೆಯೂ ಕೆಂಪಗೆ ಹೊಳೆಯುತ್ತಿದೆ! ಹಬ್ಬ ಬಂತಲ್ಲ, ಹೆಂಗಸರು ನಮ್ಮ ಬಿಳಿ ಕಲೆಯ ಮೇಲೆ ಹದವಾಗಿ ಕೆಮ್ಮಣ್ಣು ಸಾರಿಸಿ, ಚಿತ್ತಾರಕ್ಕೆ ಅಕ್ಕಿ ನೆನೆಹಾಕಿ ಕೂತಿದ್ದರು. ಔಷಧಿಯೆಲ್ಲ ಮಣ್ಣಿನಡಿ. ನಾವು ಪಟ್ಟ ಪಾಡು ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತಾಯಿತು.

ದೊಡ್ಡಮನೆಯ ರಾಜೇಶ್ವರಮ್ಮನ ಮುಂದೆ ನಾನು ಬಾಯಿ ತೆರೆದೆ. "ಏನ್ರೀ ಅಮ್ಮ, ನಾವೇನ್ ಸುಣ್ಣ ಬಳ್ಯಾಕ ಬಂದೀವೇನ್ರೀ?"

ರಾಜೇಶ್ವರಮ್ಮ ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನೇರವಾಗಿ ಸಣ್ಣಬೀರಪ್ಪನವರನ್ನು ನೋಡಿದರು.

"ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಆಯ್ತಲ್ರೀ ನಿಮ್ದು. ನಿಮ್ಮನೆ ನಡುಮನೆಗೆ ಹೊಡೆದೀರಾ? ನಿಮ್ ಹೆಂಡ್ತಿ ಬರೆದದ್ದು ಚಿತ್ತಾರ, ನಾವ್ ಬರೆಯೋದು ಗೀಚು ಅಂತ ಲೆಕ್ಕವಾ?"

ನಿಜವೇ. ದಿನವೂ ಅವರ ಮನೆ ಮಾತ್ರ ನಾಳೆಗೆ ಉಳಿಯುತ್ತಿತ್ತು. ನಾವು ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಸಣ್ಣಬೀರಪ್ಪನವರು ಬಾಗಿಲಿನೊಳಗೆ ನೋಡುತ್ತಿದ್ದರು. ಒಳಗೆ ರಾಜೇಶ್ವರಮ್ಮನ ಸೊಸೆ, ಆ ವರ್ಷವಷ್ಟೇ ಮದುವೆಯಾಗಿ ಬಂದ ಹುಡುಗಿ, ಕಂಬಳಿಯ ಮೇಲೆ ಕಂಬಳಿ ಹೊದ್ದು ಹಲ್ಲು ಕಟಕಟಿಸುತ್ತ ಮಲಗಿದ್ದಳು.

ಅಲ್ಲಿಂದ ಅವರು ಸೀದಾ ತಿಮ್ಮಮ್ಮನ ಮನೆಗೆ ಹೋದರು. "ಅತ್ತೆ, ಗೋಡೆಗೆ ಹೊಡೀಬೇಕು" ಎಂದರು. ತಿಮ್ಮಮ್ಮ "ನಿಮ್ ಮನೆ, ನಿಮ್ ಗೋಡೆ. ನಾನು ನೋಡಕ್ಕೆ ಬರಲ್ಲ" ಎಂದು ಹಿತ್ತಿಲಿಗೆ ಹೋಗಿಬಿಟ್ಟರು.

ಕೊಳವೆಯನ್ನು ಅವರೇ ಹಿಡಿದರು. ನಾನು ಬಕೆಟ್ಟಿನ ಮುಂದೆ ಕೂತೆ, ಪಂಪು ಒತ್ತಲು ಕೈ ಬರಲಿಲ್ಲ.

"ಒತ್ತೋ" ಎಂದರು.

"ಈ ಒಂದು ಗೋಡೆ ಬಿಟ್ರ ಯಾರ್ ಸಾಯ್ತಾರ್ರೀ?"

"ಬಿಟ್ಟದ್ದಕ್ಕೇ ಊರೆಲ್ಲ ಸಾರಿಸ್ಯಾರೆ. ಒತ್ತು."

ಒತ್ತಿದೆ. ಮೇಲಿನಿಂದ ಕೆಳಕ್ಕೆ, ಒಂದು ಪಟ್ಟಿಯನ್ನೂ ಬಿಡದೆ, ಬೇರೆಯವರ ಮನೆಗೆ ಹೊಡೆಸುವಷ್ಟೇ ಅಚ್ಚುಕಟ್ಟಾಗಿ ಹೊಡೆದರು. ನೆನೆದ ಅಕ್ಕಿಹಿಟ್ಟಿನ ಎಳೆಗಳು ಕರಗಿ ಇಳಿದವು. ನನಗೆ ಸರ್ಕಾರದ ಮೇಲೆ, ಸೊಳ್ಳೆಯ ಮೇಲೆ, ರಾಜೇಶ್ವರಮ್ಮನ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ಸುದ್ದಿ ತಿಳಿದ ರಾಜೇಶ್ವರಮ್ಮ ತಾವೇ ಬಂದು ಆ ಗೋಡೆ ನೋಡಿ, ಸೆರಗು ಬಾಯಿಗೊತ್ತಿಕೊಂಡು ಹೋದರು. ಮಾರನೆಯ ದಿನ ಊರಿಗೆ ಊರೇ ನಮ್ಮನ್ನು ಕರೆದು ಎರಡನೆಯ ಸಲ ಹೊಡೆಸಿಕೊಂಡಿತು. ಆ ಹಬ್ಬಕ್ಕೆ ಯಾರ ಮನೆಯ ಗೋಡೆಗೂ ಚಿತ್ತಾರವಿಲ್ಲವೆಂದು ತೀರ್ಮಾನವಾಯಿತು.

ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ತಿಮ್ಮಮ್ಮ ಬಂದರು. ಒಂದು ಕೈಯಲ್ಲಿ ಕೆಮ್ಮಣ್ಣಿನ ಮಡಕೆ, ಇನ್ನೊಂದರಲ್ಲಿ ಪುಂಡಿನಾರಿನ ಕುಂಚ.

"ಅಳಿಯಂದ್ರೇ, ಈ ಬೋಳು ಗೋಡೆ ನನ್ ಕೈಲಿ ನೋಡಕ್ಕಾಗಲ್ಲ. ನನ್ ಮಗಳು ಹಾಲಿ ಬರೆದದ್ದು ಎಳೆ ಎಳೆಯೂ ನಂಗೆ ಗೊತ್ತು. ಅವಳು ಬರೆದಂಗೇ ಬರೀತೀನಿ."

ಸಣ್ಣಬೀರಪ್ಪನವರು ಎದ್ದು ನಿಂತರು. ಅವರ ಜೊತೆ ಕಳೆದ ದಿನಗಳಲ್ಲೆಲ್ಲ ಅವರು ಏನನ್ನಾದರೂ ಬೇಕು ಎಂದು ಆಸೆಪಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೈ ಮುಂದೆ ಬಂದೇ ಬಿಟ್ಟಿತ್ತು. ಬಂದಷ್ಟೇ ಬೇಗ ಹಿಂದಕ್ಕೆ ಹೋಯಿತು.

"ಬ್ಯಾಡ ಅತ್ತೆ. ಊರಿಗೆಲ್ಲ ಬ್ಯಾಡ ಅಂದೀನಿ."

"ಹಂಗಾರೆ ಬರೋ ವರ್ಷ?"

"ಬರೋ ವರ್ಷವೂ ಹೊಡೀತಾರೆ."

"ಅಷ್ಟೊತ್ತಿಗೆ ನಾನು ಇರ್ಬೇಕಲ್ಲ! ನನ್ ಜೊತೆ ಅದೂ ಹೋಗ್ತದೆ."

"ನಂಗೂ ಬೇಕು ಅತ್ತೆ" ಎಂದರು ಸಣ್ಣಬೀರಪ್ಪನವರು. "ನೀವು ಅವಳನ್ನ ಹೆತ್ತು ಆಡಿಸಿದವ್ರು. ನಂಗೆ ಇದ್ದದ್ದು ಇದೊಂದೇ. ಬರೀವಾಗ ನಾನು ನೋಡ್ಲೂ ಇಲ್ಲ." ಬರ್ಮಾ ಕಂಡು ಬಂದ ಮನುಷ್ಯ ಕಂಬಕ್ಕೆ ಒರಗಿ ಅತ್ತುಬಿಟ್ಟರು.

ತಿಮ್ಮಮ್ಮ ಮಡಕೆ ಕೆಳಗಿಟ್ಟರು. "ಬರೀಬ್ಯಾಡ ಅಂದ್ರಿ, ಹೇಳ್ಬ್ಯಾಡ ಅನ್ನಲಿಲ್ಲಲ್ಲ. ಕೂತ್ಕಳಿ" ಎಂದರು. ಒಣ ಕುಂಚವನ್ನು ಗೋಡೆಗೆ ತಾಗಿಸದೆ, ಗೇಣು ದೂರದಲ್ಲಿ ಆಡಿಸುತ್ತ ಹೇಳತೊಡಗಿದರು. "ಇಲ್ಲಿಂದ ಶುರು ಮಾಡಿದ್ಲು. ಈ ಮೂಲೆಗೆ ಬರೋ ಹೊತ್ತಿಗೆ ಒಲೆ ಮೇಲಿನ ಅನ್ನ ಸೀದು ನನ್ ಕೈಲಿ ಬೈಸ್ಕಂಡ್ಲು. ಈ ತೆನೆ ಸೊಟ್ಟ ಆಯ್ತು ಅಂತ ಅಳಿಸಿ ಮತ್ತೆ ಬರೆದ್ಲು..."

ಸಣ್ಣಬೀರಪ್ಪನವರು ಮಗುವಿನ ಹಾಗೆ ಕುಂಚದ ಹಿಂದೆಯೇ ಕಣ್ಣು ಆಡಿಸುತ್ತ ಕೂತಿದ್ದರು. ಕೊನೆಗೆ ಕೇಳಿದರು:

"ನನ್ ವಿಷಯ ಏನಾದ್ರೂ ಅಂದ್ಲಾ?"

ಕುಂಚ ನಿಂತಿತು.

"ಅಂದ್ಲು. 'ಅವರು ಬಂದು ನೋಡಿದ್ರೆ ಇಷ್ಟ ಆಗ್ತದೇನವ್ವ?' ಅಂತ ಕೇಳಿದ್ಲು."

"ನೀವೆಂತ ಹೇಳಿದ್ರಿ?"

ತಿಮ್ಮಮ್ಮ ಅಳಿಯನ ಮುಖ ನೋಡಲಿಲ್ಲ.

"'ಗಂಡಸ್ರು ಎಲ್ಲಾದ್ರೂ ಗೋಡೆ ನೋಡ್ತಾರೇನೇ ಹುಚ್ಚಿ' ಅಂದೆ."