ಮೆಷಿನ್ನಿಗೆ ಇಟ್ಟ ಬಟ್ಟು

ನಮ್ಮ ಸೋದರಮಾವನನ್ನು ಎಲ್ಲರೂ ಮುಳ್ಳು ಮಾವ ಅಂತಲೇ ಕರೆಯುವುದು. ಕೆಲಸ ತಕ್ಕಡಿ ರಿಪೇರಿ. ಮುಳ್ಳಿರುವ ಹಳೇ ತಕ್ಕಡಿಯಿಂದ ಹಿಡಿದು ಅಂಕಿ ಮಿನುಗುವ ಹೊಸ ಮೆಷಿನ್ನಿನವರೆಗೆ ಎಲ್ಲವೂ ಅವರ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿರುತ್ತವೆ. ತರಕಾರಿಯವನು ಬಂದು ಗಿರಾಕಿ ಸುಳ್ಳ ಅಂದರೂ, ಗಿರಾಕಿ ಬಂದು ತರಕಾರಿಯವನು ಕಳ್ಳ ಅಂದರೂ ಮಾವನದು ಒಂದೇ ಮಾತು.

"ಮನುಷ್ಯರನ್ನ ಆಮೇಲೆ ಬೈಯೋಣ. ಮೊದಲು ಮೆಷಿನ್ ನೋಡೋಣ."

ಹಾಗಂದು ಪೆಟ್ಟಿಗೆಯಿಂದ ಹಿತ್ತಾಳೆಯ ತೂಕದ ಬಟ್ಟು ತೆಗೆದು ತಟ್ಟೆಯ ಮೇಲಿಡುತ್ತಾರೆ. ಅದರ ತೂಕ ಎಷ್ಟೆಂದು ಮೊದಲೇ ಗೊತ್ತು. ಸರಿಯಾಗಿ ತೋರಿಸಿದರೆ ಮೆಷಿನ್ ಸಾಚಾ, ಇಲ್ಲದಿದ್ದರೆ ರಿಪೇರಿಗೆ.

ಅವರಿಗೆ ಒಬ್ಬಳೇ ಮಗಳು. ಹುಟ್ಟಿದಾಗ ಅಂಗೈಯಷ್ಟಿದ್ದಳಂತೆ, ಅದಕ್ಕೇ ಮಾವ ಕಾಲ್ಕೇಜಿ ಅಂತ ಕರೆದರು. ಈಗ ಎರಡನೇ ಕ್ಲಾಸು. ಬಾಯಿ ಮಾತ್ರ ಕ್ವಿಂಟಾಲ್ ಲೆಕ್ಕ.

ಅವಳಿಗೆ ಜ್ವರ ಬಂತು, ಹೋಯಿತು, ಮತ್ತೆ ಬಂತು. ಎಲ್ಲೂ ಬೀಳದೆಯೇ ಕಾಲಲ್ಲಿ ನೀಲಿ ಕಲೆಗಳೆದ್ದವು. ಹಲ್ಲುಜ್ಜಿದರೆ ರಕ್ತ. ರಕ್ತ ಪರೀಕ್ಷೆಯ ರಿಪೋರ್ಟ್ ಬಂದಾಗ ಅರ್ಧ ಸಾಲುಗಳು ದಪ್ಪಕ್ಷರದಲ್ಲಿದ್ದವು. ಪಕ್ಕದಲ್ಲಿ ಕೆಲವಕ್ಕೆ ಮೇಲ್ಮುಖದ ಬಾಣ, ಕೆಲವಕ್ಕೆ ಕೆಳಮುಖದ ಬಾಣ.

ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. "ಇವು ಬಿಳಿ ಕಣ. ಕಾಯಿಲೆ ಜೊತೆ ಹೊಡೆದಾಡೋವು. ಇವಳಲ್ಲಿ ವಿಪರೀತ ಜಾಸ್ತಿ ಇವೆ, ಆದ್ರೆ ಬಲಿತೇ ಇಲ್ಲ, ಕೆಲಸಕ್ಕೆ ಬರಲ್ಲ. ಇದು ಪ್ಲೇಟ್‌ಲೆಟ್. ರಕ್ತ ಸೋರದ ಹಾಗೆ ನಿಲ್ಲಿಸೋದು. ಅದು ತೀರಾ ಕಮ್ಮಿ, ಅದಕ್ಕೇ ಈ ಕಲೆ. ರಕ್ತದ ಕ್ಯಾನ್ಸರ್ ಇರಬಹುದು ಅಂತ ಅನುಮಾನ. ಇವತ್ತೇ ಅಡ್ಮಿಟ್ ಮಾಡಿ, ಇನ್ನೊಂದು ಪರೀಕ್ಷೆ ಮಾಡಿ ಖಚಿತ ಮಾಡ್ಕೊಳ್ಳೋಣ."

ಮಾವ ಎಲ್ಲ ಕೇಳಿಸಿಕೊಂಡು, "ಮೆಷಿನ್ ನೋಡಿದ್ರಾ ಮೇಡಂ?" ಅಂದರು.

"ರೀ, ಇದೇನು ನಿಮ್ಮ ಅಂಗಡೀನಾ?" ಅತ್ತೆ ಮಾವನ ತೋಳು ಹಿಡಿದು ಜಗ್ಗಿದರು.

"ಅಂಗಡಿನೋ ಆಸ್ಪತ್ರೆನೋ, ಮೆಷಿನ್ ಮೆಷಿನ್ನೇ ಕಣೇ."

ಅಡ್ಮಿಟ್ ಮಾಡಿಸಲಿಲ್ಲ. ಇನ್ನೊಂದು ಲ್ಯಾಬಿಗೆ ಕರೆದುಕೊಂಡು ಹೋದರು. ಅಲ್ಲೂ ಅವೇ ಬಾಣಗಳು. ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲದೆ ಹತ್ತಿಯೆಲ್ಲ ನೆನೆಯಿತು. ಅಷ್ಟಾದರೂ ಮಾವ ಮತ್ತೆ ಮೊದಲಿನ ಆಸ್ಪತ್ರೆಗೇ ಬಂದು, ಇನ್ನೊಂದು ಸಲ ನೋಡಿ ಅಂತ ಲ್ಯಾಬಿನ ಬಾಗಿಲಲ್ಲಿ ನಿಂತರು.

ಕಾಲ್ಕೇಜಿ ತೋಳನ್ನು ಅಮ್ಮನ ಶಾಲಿನೊಳಗೆ ಅಡಗಿಸಿದಳು. "ಇನ್ನೆಷ್ಟು ಸಲ ತೂಕ ಹಾಕಿಸ್ತೀಯ ಅಪ್ಪಾ ನನ್ನ?"

ಮಾವ ಆ ಶಾಲನ್ನೇ ನೋಡುತ್ತಾ ನಿಂತುಬಿಟ್ಟರು. ಆಮೇಲೆ ತಮ್ಮ ಅಂಗಿಯ ತೋಳು ಮಡಚಿದರು.

"ಅವಳದು ಬೇಡ, ನಂದು ತಗೊಳ್ಳಿ. ಅದೇ ಮೆಷಿನ್ನಿಗೆ ಹಾಕಿ. ನಾನು ಗುಂಡುಕಲ್ಲಿನ ಹಾಗಿದ್ದೀನಿ. ನಂದೂ ತಪ್ಪು ತೋರಿಸಿದ್ರೆ ಮೆಷಿನ್ ಕೆಟ್ಟಿದೆ ಅಂತ ತಾನೆ?"

"ಲೆಕ್ಕ ಗೊತ್ತಿರೋ ರಕ್ತ ಹಾಕಿ ನಾವೂ ದಿನಾ ನೋಡ್ತೀವಿ ಅಣ್ಣ," ಅಂದಳು ಲ್ಯಾಬಿನವಳು.

"ನಿಮ್ಮ ಬಟ್ಟು ನಂಗೆ ಗೊತ್ತಿಲ್ಲಮ್ಮ. ನನ್ನ ಬಟ್ಟು ನಾನೇ."

ಅವಳು ಸೂಜಿ ತಂದಳು.

ಹೊರಗಿನ ಬೆಂಚಿನ ಮೇಲೆ ನಾನೂ ಅವರ ಪಕ್ಕದಲ್ಲಿದ್ದೆ. "ಒಂದೇ ಒಂದು ಬಾಣ ಬರಲಿ," ಅಂತ ಅವರ ತುಟಿ ಅಲುಗುತ್ತಿತ್ತು. ತನ್ನ ರಿಪೋರ್ಟ್ ಕೆಟ್ಟದಾಗಿ ಬರಲಿ ಅಂತ ಬೇಡಿಕೊಂಡ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು.

ರಿಪೋರ್ಟ್ ಬಂತು. ಒಂದು ಬಾಣವೂ ಇರಲಿಲ್ಲ. ಮಾವ ಹಾಳೆಯನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕಳಿಸತೊಡಗಿದರು. ಪಕ್ಕದಲ್ಲಿದ್ದ ಮುದುಕರೊಬ್ಬರು ಹಾಳೆಯನ್ನು ಮೆಲ್ಲಗೆ ಬಿಡಿಸಿಕೊಂಡು, ಕನ್ನಡಕ ಏರಿಸಿ ಓದಿದರು.

"ಯಾಕಪ್ಪಾ ಅಳ್ತೀಯ? ಎಲ್ಲಾ ನಾರ್ಮಲ್ ಅಂತಿದೆಯಲ್ಲ. ಒಳ್ಳೇ ಸುದ್ದಿ."

ಮಾವ ಅವರಿಗೆ ಕೈಮುಗಿದರು. ಎದ್ದು ಮಗಳ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರು.

"ಮೆಷಿನ್ ಕೆಟ್ಟಿತ್ತಾ ಅಪ್ಪಾ?"

"ಇಲ್ಲ ಕಂದ. ಸರಿಯಾಗೇ ಇದೆ."

"ಹಾಗಾದ್ರೆ ರಿಪೇರಿ ಆಗಬೇಕಿರೋದು ನಾನಾ?"

ಮಾವ ಹೂಂ ಅಂದರು.

"ನೀನೇ ಮಾಡು ಮತ್ತೆ. ಇವರು ಚುಚ್ತಾರೆ."

ಯಾವ ಗಿರಾಕಿಗೂ ಮಾವ ಒಂದು ಸಲವೂ ಆಡದ ಮಾತು ಆಗ ಅವರ ಬಾಯಿಂದ ಬಂತು.

"ಇದು ನಂಗೆ ಬರಲ್ಲ ಕಂದ."

ಕಾಲ್ಕೇಜಿ ಅಪ್ಪನ ಮುಖ ನೋಡಿದಳು. ಆಮೇಲೆ ಶಾಲಿನೊಳಗಿಂದ ತಾನೇ ತೋಳನ್ನು ಹೊರಗೆ ಚಾಚಿದಳು.