ಗೌರಿಯ ಹೊಟ್ಟೆಗೆ ಹೋದ ನಮ್ಮನೆ ಅನ್ನ

ನಮ್ಮ ಬೀದಿಯ ಮುನಿಯಮ್ಮನ ಹಸು ಗೌರಿ ಸೋಮವಾರ ಬೆಳಿಗ್ಗೆ ಏಳಲೇ ಇಲ್ಲ. ಕಾರಣ? ನಾನು!



ಶುರುವಾಗಿದ್ದು ಕಸದಿಂದ. ಮನೆಮನೆಯ ಕಸ ಕಡಿಮೆ ಮಾಡಬೇಕೆಂದು ಪುರಸಭೆಯವರು ಪ್ಲ್ಯಾನ್ ಹಾಕಿ, ಬಂಗಾರಪೇಟೆಯ ನಮ್ಮ ಬೀದಿಗೂ ಕರಪತ್ರ ಹಂಚಿದರು. ಬೇಕಾದಷ್ಟೇ ಬೇಯಿಸಿ. ತರಕಾರಿ ಸಿಪ್ಪೆ ಗೊಬ್ಬರ ಮಾಡಿ, ಇಲ್ಲವೇ ದನಕ್ಕೆ ಕೊಡಿ. ಉಳಿದದ್ದು ಮಾತ್ರ ಗಾಡಿಗೆ ಹಾಕಿ. ಇಷ್ಟೇ ಇದ್ದದ್ದು. ನಾವು ಓದಿದ್ದು ಯಾವುದು? 'ದನಕ್ಕೆ ಕೊಡಿ' ಅನ್ನುವುದೊಂದೇ! (ನಾನೂ ಅಷ್ಟೇ. ಕನ್ನಡಕ ಹಾಕಿಕೊಂಡೇ ಓದಿದ್ದೆ.) ಅವತ್ತಿನಿಂದ ಮುನಿಯಮ್ಮನ ಕೊಟ್ಟಿಗೆ ಮುಂದೆ ಬಕೆಟ್ಟುಗಳ ಕ್ಯೂ.

ಭಾನುವಾರ ನಮ್ಮ ಮೊಮ್ಮಗಳ ನಾಮಕರಣ. "ನೂರು ಜನಕ್ಕೆ ಸಾಕಲ್ವಾ ಸಾರ್?" ಅಂದರು ಅಡುಗೆಯವರು. ನಮ್ಮ ಯಜಮಾನರು ಬಿಡಬೇಕಲ್ಲ! "ನೂರೈವತ್ತಕ್ಕೆ ಮಾಡ್ರಿ. ಕಡಿಮೆ ಬಿದ್ರೆ ಮರ್ಯಾದೆ ಏನಾಗ್ಬೇಕು?"

ಉರಿಗಾಂ ಕಡೆಯ ನೆಂಟರು ಅರ್ಧಕ್ಕರ್ಧ ಬರಲಿಲ್ಲ. ಬಂದವರೂ ಮಾರಿಕುಪ್ಪಂ ಟ್ರೈನ್ ತಪ್ಪೀತೆಂದು ಎಲೆ ಮುಂದೆ ಕೂತ ಶಾಸ್ತ್ರ ಮಾಡಿ ಎದ್ದರು. ಸಂಜೆಗೆ ದೊಡ್ಡ ಪಾತ್ರೆ ತುಂಬ ಅನ್ನ. ಆಗಲೇ ವಾಸನೆ ಹತ್ತಿತ್ತು, ಯಾರಿಗೂ ಕೊಡುವಂತಿಲ್ಲ. ಕಸದ ಗಾಡಿಗೆ ಹಾಕುವುದಾ? ಛೆ ಛೆ, ಅನ್ನ ಕಣ್ರೀ! ಗೋವಿಗೆ ಹಾಕಿದರೆ ಪುಣ್ಯವಾದರೂ ಬಂದೀತು.

ಮುನಿಯಮ್ಮ ಮನೆಯಲ್ಲಿರಲಿಲ್ಲ. ಗೌರಿಯ ಮುಂದಿದ್ದ ಕಲಗಚ್ಚಿನ ಬಾನಿಗೆ ನಾನೇ ಸುರಿದೆ. ಗೌರಿ ಗಬಗಬನೆ ತಿಂದಳು. ಅವಳ ಬೆನ್ನು ಸವರಿ, ಕಣ್ಣಿಗೊತ್ತಿಕೊಂಡು ಮನೆಗೆ ಬಂದೆ.

ಬೆಳಿಗ್ಗೆ ಮುನಿಯಮ್ಮ ಬರಿಗಾಲಲ್ಲಿ ಓಡಿ ಬಂದಳು. "ಅಕ್ಕಾ, ನಿಮ್ಮೆಜಮಾನ್ರಿಗೆ ಏಳಿ ದನದ ಡಾಕ್ಟ್ರಿಗೆ ಫೋನ್ ಮಾಡ್ಸಿ! ಅಸು ಬಿದ್ದೋಗೈತೆ, ಒಟ್ಟೆ ಉಬ್ಬೋಗೈತೆ!"

ಯಜಮಾನರ ಕೈಗೆ ಫೋನ್ ತುರುಕಿ, ಅವಳ ಹಿಂದೆಯೇ ಕೊಟ್ಟಿಗೆಗೆ ಓಡಿದೆ.

ಡಾಕ್ಟರು ಬಂದವರೇ, "ಏನು ತಿನ್ಸಿದ್ರಿ?" ಅಂದರು. ಹೇಳಿದೆ. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಬೇಯಿಸಿದ ಅನ್ನ ಅಷ್ಟೊಂದು ತಿಂದ್ರೆ ಹೊಟ್ಟೆಯೊಳಗೆ ಹುಳಿಯಾಗುತ್ತಮ್ಮ. ಸತ್ತೇ ಹೋಗುತ್ತೆ. ಗೊತ್ತಿಲ್ವಾ?"

ಗೊತ್ತಿರಲಿಲ್ಲ! ಅನ್ನ ಹಸುವನ್ನು ಕೊಲ್ಲುತ್ತದಾ? ಐವತ್ತೆಂಟು ವರ್ಷದವಳು ನಾನು, ವರ್ಷಾವರ್ಷ ಗೋಪೂಜೆ ಮಾಡಿದವಳು. ನನಗೇ ಗೊತ್ತಿಲ್ಲವೆಂದರೆ!

ಡ್ರಿಪ್ಪಿನ ಬಾಟಲಿ ಮೇಲೆ ಬಾಟಲಿ ಏರಿತು. ಮುನಿಯಮ್ಮ ಗೌರಿಯ ಕತ್ತು ತಬ್ಬಿ ಕೂತೇ ಇದ್ದಳು. ಅವಳ ಸಂಸಾರ ನಡೆಯುವುದೇ ಆ ಹಾಲಿನಿಂದ. ನನಗೆ ಒಂದು ಮಾತೂ ಬೈಯಲಿಲ್ಲ. ಅಯ್ಯೋ, ಬೈದಿದ್ದರೇ ವಾಸಿಯಿತ್ತು.

ಮೂರನೆಯ ದಿನ ಗೌರಿ ಎದ್ದು ನಿಂತಳು. ಹಾಲು ಮಾತ್ರ ಒಂದು ಲೋಟವೂ ಇಲ್ಲ.

ಈಗ ಹೇಳಿ, ಕಸ ಕಡಿಮೆ ಮಾಡಿ ಅಂದಾಗ ನಾವು ಕಡಿಮೆ ಮಾಡಿದ್ದಾದರೂ ಏನು? ಒಂದು ಅಗುಳೂ ಇಲ್ಲ. ಬೇಯಿಸುವುದನ್ನು ಬೇಯಿಸುತ್ತಲೇ ಇದ್ದೆವು, ಮಿಕ್ಕಿದ್ದನ್ನು ಬಾಯಿಲ್ಲದ ಪ್ರಾಣಿಯ ಹೊಟ್ಟೆಗೆ ತುಂಬಿದೆವು. ಮೇಲೆ ಪುಣ್ಯ ಬೇರೆ!

ನಿನ್ನೆ ಒಂದು ಮೂಟೆ ಹಿಂಡಿ ಹೊರಿಸಿಕೊಂಡು ಹೋಗಿ ತಪ್ಪಾಯಿತೆಂದೆ. ಚಿಕ್ಕ ಮಗಳ ನಿಶ್ಚಿತಾರ್ಥಕ್ಕೆ ತಪ್ಪದೇ ಬಾ ಅಂತಲೂ ಕರೆದೆ.

"ಬತ್ತೀನಿ ಅಕ್ಕಾ," ಅಂದಳು ಮುನಿಯಮ್ಮ. "ದಿನ ಯಾವತ್ತು ಅಂತ ಮುಂಚೇನೇ ಏಳ್ಬಿಡಿ. ಗೌರೀನ ಬೇತಮಂಗಲದಾಗೆ ಮಗಳ ಮನೇಲಿ ಕಟ್ಟಿ ಬಂದುಬಿಡ್ತೀನಿ."